ಹದಿನೇಳನೇ ಚೀಟಿ

ಮೇ 20

ಚೀಟಿರಾಣಿಗೆ,

ಎರಡು ತಿಂಗಳಿಂದ ಪತ್ರ ಬರೆಯಲಿಲ್ಲ ಎಂದು ನಿನ್ನ ಅಕ್ಕನ ಮುಂದೆ ನನ್ನ ಮೇಲೆ ದೂರು ಹೇಳಬೇಡ. ಬರೆಯಲಿಲ್ಲ, ಒಪ್ಪಿಕೊಂಡೆ. ಈಗಲೂ ನಾದಿನಿಯ ಮೇಲೆ ಪ್ರೀತಿ ಉಕ್ಕಿ ಬಂದು ಬರೆಯುತ್ತಿಲ್ಲ, ಕೆಲಸವಿದೆ.

ನನ್ನ ಹತ್ತಿರ ಒಬ್ಬ ಹೆಂಗಸಿನ ಪ್ರಕರಣ ಬಂದಿದೆ. ಇಪ್ಪತ್ತೆರಡು ವರ್ಷ ಒಂದೇ ಕಡೆ ತಲೆ ಬಗ್ಗಿಸಿ ದುಡಿದವಳು. ಒಂದು ಕಡತ ಕಾಣೆಯಾಯಿತೆಂದು ಏಪ್ರಿಲ್ 12ರಂದು ಅವಳನ್ನು ಕೆಲಸದಿಂದ ತೆಗೆದುಹಾಕಿದ್ದಾರೆ. ಕಳೆದದ್ದು ಅವಳಲ್ಲ, ಅಷ್ಟು ನನಗೆ ಗೊತ್ತು. ಕಾರ್ಮಿಕ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬೇಕು. ಆದರೆ ಎಷ್ಟು ದಿನದೊಳಗೆ? ಕಾಯ್ದೆಯನ್ನು ಓದಿದರೆ ಒಮ್ಮೆ ಅರವತ್ತು ಎನ್ನಿಸುತ್ತದೆ, ಇನ್ನೊಮ್ಮೆ ತೊಂಬತ್ತು. ತೀರ್ಪುಗಳ ಸಾರಾಂಶ ಅಚ್ಚು ಹಾಕುವ ನಿಮ್ಮ ಪತ್ರಿಕೆಯ ಹನ್ನೊಂದನೇ ಸಂಪುಟದಲ್ಲಿ ಉಚ್ಚ ನ್ಯಾಯಾಲಯದ ಹಳೆಯ ತೀರ್ಪೊಂದಿದೆ, ತೊಂಬತ್ತು ದಿನ ಎಂದು. ಅದು ಇನ್ನೂ ನಿಂತಿದೆಯೋ, ಯಾರಾದರೂ ಕೆಡವಿದ್ದಾರೋ? ನಿನ್ನ ಸೂಚಿ ಕಾರ್ಡುಗಳನ್ನು ನೋಡಿ ಹೇಳು. ಗಡುವು ಒಂದು ದಿನ ತಪ್ಪಿದರೂ ಬಾಗಿಲು ಮುಚ್ಚಿಹೋಗುತ್ತದೆ. ಈ ವಯಸ್ಸಿಗೆ ಅವಳಿಗೆ ಬೇರೆ ಕೆಲಸ ಕೊಡುವವರು ಯಾರೂ ಇಲ್ಲ.

ಫೋನ್ ಮಾಡಬಹುದಿತ್ತು. ಆದರೆ ಅಕ್ಕತಂಗಿಯರ ಕೈಗೆ ಫೋನ್ ಸಿಕ್ಕರೆ ನನ್ನ ಪ್ರಶ್ನೆಗೆ ಸರದಿ ಬರುವಷ್ಟರಲ್ಲಿ ಗಡುವೇ ಮುಗಿದಿರುತ್ತದೆ. ಮೇಲಾಗಿ ಇಂಥ ವಿಷಯ ಕಾಗದದ ಮೇಲೆ ಇದ್ದರೆ ನನಗೆ ನೆಮ್ಮದಿ.

ನಿನ್ನ ಅಕ್ಕ ಚೆನ್ನಾಗಿದ್ದಾಳೆ. ರಜೆ ತುಂಬಾ ಉಳಿದಿತ್ತು, ತೆಗೆದುಕೊಂಡು ಮನೆಯಲ್ಲಿದ್ದಾಳೆ. ಮನೆಯ ಬೀರುಗಳೆಲ್ಲ ಒಪ್ಪವಾಗಿವೆ. ನನ್ನ ವಸ್ತುಗಳು ಒಂದೂ ಸಿಗುತ್ತಿಲ್ಲ.

ನಿನ್ನ ಭಾವ


ಮೇ 24

ವಾಯಿದೆ ವಕೀಲರಿಗೆ,

ಭಾವ, ನೀವು ಚಂದಾದಾರರಾಗಿ ಪ್ರಶ್ನೆ ಕೇಳಿದ್ದೀರಿ, ಆದ್ದರಿಂದ ಕಚೇರಿಯ ಕಾಗದದಲ್ಲೇ ಉತ್ತರ ಕೊಡುತ್ತಿದ್ದೇನೆ. ಕೆಳಗೆ ಕಾರ್ಬನ್ ಇಟ್ಟಿದೆ, ಪ್ರತಿ ಇಲ್ಲಿನ ಕಡತಕ್ಕೆ ಹೋಗುತ್ತದೆ. ಹಾಗಾಗಿ ನಿಮ್ಮ ಬೋಳುತಲೆಯ ಬಗ್ಗೆ ಈ ಸಲ ಏನೂ ಬರೆಯುವಂತಿಲ್ಲ.

ಕಾರ್ಡು ತೆಗೆದು ನೋಡಿದೆ. ಹಸಿರು ಗೆರೆ ಇದೆ. ಹಸಿರು ಎಂದರೆ ತೀರ್ಪು ನಿಂತಿದೆ, ಕೆಂಪು ಎಂದರೆ ಬಿದ್ದಿದೆ. ನಿಮಗೆ ಹತ್ತು ಸಲ ಹೇಳಿದ್ದೇನೆ. ತೊಂಬತ್ತು ದಿನ. ಏಪ್ರಿಲ್ 12ರಿಂದ ಎಣಿಸಿದರೆ ಜುಲೈ 11ರವರೆಗೆ ನಿಮಗೆ ಕಾಲಾವಕಾಶವಿದೆ. ಕಾಲು ಚಾಚಿ ಮಲಗಿ. ನಿಮಗೆ ಅದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಉಸಿರಾಡಲು ಬಿಡುವಿಲ್ಲ. ಎದುರು ಬೀದಿಯಲ್ಲಿ ನಮ್ಮಂಥದೇ ಇನ್ನೊಂದು ಪತ್ರಿಕೆ ಶುರುವಾಗಿದೆಯಲ್ಲ, ಅವರು ನ್ಯಾಯಾಲಯದ ಸುದ್ದಿಯನ್ನು ನಮಗಿಂತ ಎರಡು ದಿನ ಮೊದಲು ವಕೀಲರ ಮೇಜಿಗೆ ಮುಟ್ಟಿಸುತ್ತಾರೆ. ನಮ್ಮ ಸಂಪಾದಕರಿಗೆ ಅದೇ ಹೊಟ್ಟೆಯುರಿ. "ಮೊದಲು ಜನ ಮಾತಾಡ್ಕೊಳ್ಳೋ ಕೇಸು ಬರೀರಿ, ಒಣ ತೀರ್ಪುಗಳು ಎಲ್ಲಿಗೂ ಓಡಿಹೋಗಲ್ಲ" ಅಂತಾರೆ. ಒಣ ತೀರ್ಪುಗಳು ನನ್ನ ಮೇಜಿನ ಬಲಗಡೆ ಮೊಣಕೈ ಎತ್ತರಕ್ಕೆ ಬೆಳೆದಿವೆ.

ಒಂದು ಸಿಹಿ ಸುದ್ದಿ, ಅಕ್ಕನಿಗೂ ಹೇಳಿ. ಆಗಸ್ಟಿನಿಂದ ನಾನು ಸೂಚಿ ವಿಭಾಗಕ್ಕೆ ಮುಖ್ಯಸ್ಥೆ. ನಮ್ಮಲ್ಲಿ ತೀರ್ಪಿನ ಸಾರಾಂಶ ತಪ್ಪಾದರೆ ಮುಂದಿನ ಸಂಚಿಕೆಯ ಜೊತೆ ತಿದ್ದುಪಡಿ ಚೀಟಿ ಹೋಗುತ್ತದೆ, ಚಂದಾದಾರರು ಅದನ್ನು ಹಳೆಯ ಸಂಪುಟದ ಪುಟಕ್ಕೆ ಅಂಟಿಸಿಕೊಳ್ಳುತ್ತಾರೆ. ಚೀಟಿಯ ಕೆಳಗೆ ತಪ್ಪು ಮಾಡಿದವರ ಮೊದಲಕ್ಷರ. ಮೂರು ವರ್ಷದಲ್ಲಿ ನನ್ನ ಅಕ್ಷರದ ಚೀಟಿ ಒಂದೂ ಹೊರಟಿಲ್ಲ. ಸಂಪಾದಕರು ಅದನ್ನು ಎಲ್ಲರ ಮುಂದೆ ಹೇಳಿದರು. ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಅಕ್ಕ ರಜೆ ಹಾಕಿದಳೇ? ಆಸ್ಪತ್ರೆಯ ದಾಖಲೆ ಕೋಣೆ ಬಿಟ್ಟು ಒಂದು ದಿನ ಇರಲಾರದವಳು! ಮೈ ಹುಷಾರಿದೆ ತಾನೆ?

ನಿಮ್ಮ ನಾದಿನಿ


ಮೇ 30

ಮುಖ್ಯಸ್ಥೆಯವರಿಗೆ,

ಇನ್ನು ಮೇಲೆ ಬಹುವಚನ ಕೊಡಬೇಕೇನೋ. ನಿನ್ನ ಬಡ್ತಿಯ ಸುದ್ದಿಯನ್ನು ನಿನ್ನ ಅಕ್ಕನಿಗೆ ಓದಿ ಹೇಳಿದೆ. ಮೂರು ಸಲ ಓದಿಸಿದಳು. ಆಮೇಲೆ ಪತ್ರವನ್ನು ಕೈಯಿಂದ ಕಿತ್ತುಕೊಂಡು ತಾನೇ ಓದಿದಳು.

ತೊಂಬತ್ತು ದಿನದ ವಿಷಯ ನನ್ನ ಕಕ್ಷಿದಾರಳಿಗೆ ತಿಳಿಸಿದೆ. ಒಂದೂವರೆ ತಿಂಗಳಾದ ಮೇಲೆ ಆ ದಿನ ಹೊಟ್ಟೆ ತುಂಬ ಉಂಡಳು ಎಂದು ಕೇಳಿದೆ. ನಿನ್ನ ಪತ್ರವನ್ನು ಪ್ರಕರಣದ ಕಡತದಲ್ಲೇ ಇಟ್ಟಿದ್ದೇನೆ. ಜುಲೈ ಮೊದಲ ವಾರ ಹಾಕುತ್ತೇನೆ. ಜೊತೆಯಲ್ಲಿ ಕೆಲಸ ಮಾಡುವ ಒಬ್ಬಾಕೆ ಇದ್ದಾಳೆ. ಕಡತವನ್ನು ಯಾರು ಒಯ್ದರೆಂದು ಕಣ್ಣಾರೆ ನೋಡಿದವಳು. ಹೇಳಿಕೆ ಕೊಡಲು ಹೆದರುತ್ತಿದ್ದಾಳೆ. ಅವಳ ಧೈರ್ಯ ಕೂಡಿಬರುವವರೆಗೆ ಕಾಯಬೇಕು. ಕಾಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನೀನೇ ಹೆಸರಿಟ್ಟಿದ್ದೀಯಲ್ಲ.

ಅಕ್ಕನ ಮೈ ಹುಷಾರಾಗಿದೆ. ಸುಮ್ಮನೆ ರಜೆ.

ನಿನ್ನ ಭಾವ


ಜೂನ್ 6

ಭಾವ,

ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಮೇಲ್ಮನವಿಯನ್ನು ಜುಲೈವರೆಗೆ ಇಟ್ಟುಕೊಳ್ಳಬೇಡಿ. ಈ ಪತ್ರ ತಲುಪಿದ ದಿನವೇ ಹಾಕಿಬಿಡಿ. ಸಾಕ್ಷಿಯ ಹೇಳಿಕೆಯನ್ನು ಆಮೇಲೆ ಸೇರಿಸಬಹುದಲ್ಲ? ಮಂಡಳಿಯ ಕಚೇರಿಯಲ್ಲಿ ಗುಮಾಸ್ತರು ರಜೆ ಹೋಗುತ್ತಾರೆ, ನಕಲು ಸಿಗುವುದಿಲ್ಲ, ಏನಾದರೂ ಒಂದು ಅಡ್ಡ ಬರುತ್ತದೆ. ತೊಂಬತ್ತು ಎಂದು ನಾನೇ ಬರೆದಿದ್ದೇನೆ, ನಿಜ. ಆದರೂ ಕೊನೆಯ ದಿನದವರೆಗೆ ಕಾಯುವುದು ಒಳ್ಳೆಯದಲ್ಲ.

ಮುಂದಿನ ಸಂಚಿಕೆ ಬಂದ ಕೂಡಲೇ ಚೀಟಿಗಳ ಹಾಳೆ ನೋಡಿ. ಪೂರ್ತಿ ನೋಡಿ.

ಬೇರೇನೂ ಇಲ್ಲ. ಇಲ್ಲಿ ಸೆಖೆ. ಅಕ್ಕನಿಗೆ ನೆನಪು ಹೇಳಿ.

ನಿಮ್ಮ ನಾದಿನಿ


ಜೂನ್ 12

ಚೀಟಿರಾಣಿಗೆ,

ನಿನ್ನ ಪತ್ರ ಮೊನ್ನೆ ಹತ್ತನೇ ತಾರೀಕು ಬಂತು. ಓದಿ ನಕ್ಕೆ. ನಿಜ ಹೇಳು, ನಿನ್ನ ಅಕ್ಕ ನನ್ನ ಬೆನ್ನ ಹಿಂದೆ ನಿನಗೆ ಪತ್ರ ಬರೆದಿದ್ದಾಳೆ ಅಲ್ಲವೇ? "ನಿನ್ನ ಭಾವ ಸೋಮಾರಿ, ಸ್ವಲ್ಪ ಕಿವಿ ಹಿಂಡು" ಎಂದು? ಅವಳನ್ನು ಕೇಳಿದರೆ ಇಲ್ಲವೆನ್ನುತ್ತಾಳೆ. ಹದಿನೆಂಟು ವರ್ಷ ಸಂಸಾರ ಮಾಡಿದ್ದೇನೆ, ಅವಳ ಇಲ್ಲಗಳಲ್ಲಿ ಎಷ್ಟು ಬಗೆ ಎಂದು ನನಗೆ ಗೊತ್ತು.

ಅರೆಬೆಂದ ಮೇಲ್ಮನವಿ ಹಾಕುವವನು ನಾನಲ್ಲ. ಆ ಸಾಕ್ಷಿ ಹೆಂಗಸು ಬರುವ ವಾರ ಬಾಯಿ ಬಿಡುವಂತಿದೆ. ಮೊದಲ ದಿನವೇ ಅವಳ ಹೇಳಿಕೆ ಜೊತೆಗಿದ್ದರೆ ಪ್ರಕರಣಕ್ಕೆ ಬೆನ್ನೆಲುಬು ಇರುತ್ತದೆ. ಜುಲೈ 11 ದೂರವಿದೆ. ನೀನು ಬರೆದ ಮೇಲೆ ಮುಗಿಯಿತು. ಅಚ್ಚಾದ ಸಂಪುಟಕ್ಕಿಂತ ನಿನ್ನ ಮಾತಿನ ಮೇಲೆ ನನಗೆ ನಂಬಿಕೆ ಹೆಚ್ಚು.

ಚೀಟಿಗಳ ಹಾಳೆಯ ವಿಷಯ. ಈ ಮನೆಯಲ್ಲಿ ಚೀಟಿ ಅಂಟಿಸುವ ಖಾತೆ ಮೊದಲಿನಿಂದಲೂ ನಿನ್ನ ಅಕ್ಕನದು. ನಾನು ಅಂಟಿಸಿದರೆ ನಾಲ್ಕು ಪುಟ ಒಟ್ಟಿಗೆ ಅಂಟಿಕೊಳ್ಳುತ್ತವೆ ಎಂದು ಗೋಂದಿನ ಡಬ್ಬಿಯನ್ನು ನನ್ನ ಕೈಗೇ ಕೊಡುವುದಿಲ್ಲ. ಈಗಂತೂ ಅವಳಿಗೆ ಪುರುಸೊತ್ತು. ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಕತ್ತರಿ, ಅಳತೆಪಟ್ಟಿ, ಕುಂಚ ಹರಡಿಕೊಂಡು ಕೂರುತ್ತಾಳೆ. ಚೀಟಿಯ ನಾಲ್ಕೂ ಬದಿ ಸಮ ಬರಬೇಕು. ನಾನು ಆ ಕಡೆ ಕೆಮ್ಮುವಂತೆಯೂ ಇಲ್ಲ.

ನಿನ್ನ ಭಾವ


ಜೂನ್ 17

ಭಾವ,

ಅಕ್ಕ ನನಗೆ ಏನೂ ಬರೆದಿಲ್ಲ. ಅವಳನ್ನು ಸುಮ್ಮನೆ ಬಯ್ಯಬೇಡಿ.

ಹದಿನಾಲ್ಕನೇ ತಾರೀಕಿನ ಸಂಚಿಕೆ ಬಂತೇ? ಅದರಲ್ಲಿ ಹದಿನೇಳನೇ ಸಂಖ್ಯೆಯ ಚೀಟಿ ಇದೆ, ಹಾಳೆಯ ಕೊನೆಗೆ. ಚಿಕ್ಕ ಅಕ್ಷರ. ದಯವಿಟ್ಟು ಅದನ್ನು ನೀವೇ ಓದಿ. ಅಕ್ಕನಿಗೆ ಬಿಡಬೇಡಿ.

ಆ ಹೆಂಗಸು ಹೇಗಿದ್ದಾಳೆ? ಮಕ್ಕಳಿದ್ದಾರೆಯೇ? ಅವಳ ಕೈಗೆ ಬೇರೆ ಏನಾದರೂ ಕೆಲಸ ಸಿಗಬಹುದೇ? ನಾನು ಯಾಕೆ ಕೇಳುತ್ತಿದ್ದೇನೆ ಎನ್ನಬೇಡಿ, ಸುಮ್ಮನೆ ಕೇಳಿದೆ. ನಮ್ಮ ಕೆಲಸದಲ್ಲಿ ಎಲ್ಲರೂ ಒಂದು ಸಾಲು: "ನೌಕರಳೊಬ್ಬಳು ವಿರುದ್ಧ ಆಡಳಿತ ಮಂಡಳಿ". ಅವರಿಗೆ ಮುಖ ಇರುತ್ತದೆ ಎಂಬುದು ಮರೆತೇ ಹೋಗುತ್ತದೆ.

ನಿದ್ದೆ ಸರಿಯಾಗಿಲ್ಲ. ಸಂಪಾದಕರು ಸೂಚಿ ವಿಭಾಗದ ಬೀರುವಿನ ಬೀಗದ ಕೈಯನ್ನು ಈಗಲೇ ನನಗೆ ಕೊಟ್ಟಿದ್ದಾರೆ. ಬೇಡವೆಂದರೂ ಕೇಳಲಿಲ್ಲ.

ನಿಮ್ಮ ನಾದಿನಿ


ಜೂನ್ 24

ಚೀಟಿರಾಣಿಗೆ,

ನಿನಗೇನಾಗಿದೆ? ಬಡ್ತಿ ಬಂದವರು ಇಷ್ಟು ಸಪ್ಪೆಯಾಗಿ ಬರೆಯುವುದನ್ನು ನಾನು ನೋಡಿಲ್ಲ. ಹುದ್ದೆ ದೊಡ್ಡದೆಂದು ಹೆದರಿದ್ದರೆ ಹೆದರಬೇಡ. ನಿನಗಿಂತ ತಲೆ ಕಡಿಮೆ ಇದ್ದವರು ನಿನಗಿಂತ ದೊಡ್ಡ ಕುರ್ಚಿಯಲ್ಲಿ ಕೂತು ಗೊರಕೆ ಹೊಡೆಯುವುದನ್ನು ನಾನು ದಿನಾ ನೋಡುತ್ತೇನೆ.

ಕಕ್ಷಿದಾರಳ ಬಗ್ಗೆ ಕೇಳಿದ್ದೀಯ. ಮಕ್ಕಳಿಲ್ಲ. ಗಂಡ ಇದ್ದಾನೆ, ಆದರೆ ಆ ಆಸಾಮಿಯಿಂದ ಹೆಚ್ಚಿನ ಉಪಯೋಗವಿಲ್ಲ. ಬೆಳಿಗ್ಗೆ ಎಂಟಕ್ಕೆ ಹೊರಡುವ ಅಭ್ಯಾಸ ಹೋಗಿಲ್ಲ ಎಂದು ಈಗಲೂ ಎಂಟಕ್ಕೆ ಸೀರೆ ಉಟ್ಟು, ಚೀಲ ಹಿಡಿದು ಬಾಗಿಲವರೆಗೆ ಬರುತ್ತಾಳಂತೆ. ಅಲ್ಲಿ ನಿಂತು, ತಿರುಗಿ ಒಳಗೆ ಹೋಗುತ್ತಾಳಂತೆ.

ನಿನ್ನ ಹದಿನೇಳನೇ ಚೀಟಿ ನನಗೆ ಸಿಗಲಿಲ್ಲ. ಹದಿನಾರು ಇದೆ, ಮುಂದಿನ ಸಂಚಿಕೆಯ ಹದಿನೆಂಟೂ ಇದೆ. ಅಕ್ಕನನ್ನು ಕೇಳಿದೆ. "ಹರಿದು ಬಂದಿತ್ತು, ಬಿಸಾಕಿದೆ. ಎಲ್ಲಾದರೂ ಒಂದು ಕಾಮಾ ಬಿಟ್ಟಿರ್ತಾರೆ, ಅದಕ್ಕೂ ಒಂದು ಚೀಟಿ" ಅಂದಳು. ಏನಿತ್ತು ಅದರಲ್ಲಿ? ಮುಖ್ಯವಾದದ್ದಾದರೆ ಒಂದು ಸಾಲಿನಲ್ಲಿ ಬರೆ.

ಸಾಕ್ಷಿ ಹೆಂಗಸು ಒಪ್ಪಿದ್ದಾಳೆ! ಹೇಳಿಕೆಗೆ ಸಹಿಯೂ ಆಯಿತು. ಜುಲೈ 2ಕ್ಕೆ ಹಾಕುತ್ತೇನೆ. ಗಡುವಿಗೆ ಒಂಬತ್ತು ದಿನ ಮೊದಲು. ನನ್ನ ಜೀವಮಾನದ ದಾಖಲೆ.

ನಿನ್ನ ಭಾವ


ಜೂನ್ 28

ಭಾವ,

ಒಂದು ಸಾಲಿನಲ್ಲಿ ಬರೆ ಎಂದಿದ್ದೀರಿ. ಗಡುವು ಅರವತ್ತು ದಿನ. ತೊಂಬತ್ತಲ್ಲ. ಜೂನ್ 11ಕ್ಕೇ ಮುಗಿದುಹೋಗಿದೆ.

ಉಳಿದದ್ದನ್ನೂ ಹೇಳುತ್ತೇನೆ, ತಾಳ್ಮೆಯಿಂದ ಓದಿ. ಮೇ 3ರಂದು ಉಚ್ಚ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠ ಆ ಹಳೆಯ ತೀರ್ಪನ್ನು ತಳ್ಳಿಹಾಕಿ ಅರವತ್ತು ದಿನ ಎಂದಿತು. ತೀರ್ಪಿನ ಪ್ರತಿ ಮೇ 9ರಿಂದ ನನ್ನ ಮೇಜಿನ ಮೇಲೇ ಇತ್ತು, ಬಲಗಡೆಯ ರಾಶಿಯಲ್ಲಿ, ಕೆಳಗಿನಿಂದ ನಾಲ್ಕನೆಯದು. ಒಣ ತೀರ್ಪು. ನೀವು ಪ್ರಶ್ನೆ ಕೇಳಿದ ದಿನ ನಾನು ಎದ್ದು ಹೋಗಿ ಬೀರುವಿನ ಕಾರ್ಡು ನೋಡಿದೆ, ಮೊಣಕೈ ಪಕ್ಕದ ರಾಶಿ ನೋಡಲಿಲ್ಲ. ಉತ್ತರ ಕೊಡುವ ಮುಂಚೆ ರಾಶಿಯನ್ನೂ ನೋಡಬೇಕೆಂದು ಹೊಸಬರಿಗೆ ಪಾಠ ಹೇಳುವವಳು ನಾನೇ.

ಜೂನ್ 5ರಂದು ಎದುರು ಬೀದಿಯವರ ಸಂಚಿಕೆಯಲ್ಲಿ ಅದು ಅಚ್ಚಾಗಿತ್ತು. ಓದುತ್ತಲೇ ನನ್ನ ರಾಶಿ ಕೆದಕಿ ಪ್ರತಿ ತೆಗೆದೆ. ಆಗ ನಿಮಗೆ ಇನ್ನೂ ಆರು ದಿನ ಇತ್ತು, ಭಾವ. ಫೋನು ನನ್ನ ಮೇಜಿನ ಮೇಲೇ ಇತ್ತು. ಎತ್ತಿದೆ. ನಿಮ್ಮ ಸಂಖ್ಯೆಯ ಅರ್ಧದವರೆಗೆ ತಿರುಗಿಸಿದೆ. ಅಷ್ಟರಲ್ಲಿ ಸಂಪಾದಕರು ಪಕ್ಕದಲ್ಲಿ ಬಂದು ನಿಂತರು, ಯಾರಿಗೆ ಎಂದು ಕೇಳಿದರು. ಮನೆಗೆ ಎಂದು ಹೇಳಿ ಇಟ್ಟುಬಿಟ್ಟೆ. ಅವರು ಊಟಕ್ಕೆ ಹೋದ ಮೇಲೆ ಇನ್ನೊಮ್ಮೆ ಎತ್ತಿದೆ. ಆಗ ಯಾರೂ ಇರಲಿಲ್ಲ. ಆದರೂ ಇಟ್ಟೆ. "ನಾನು ತಪ್ಪು ಹೇಳಿದೆ" ಎಂದು ಹೇಳಬೇಕಾಗುತ್ತಿತ್ತಲ್ಲ. ಬದಲಿಗೆ ಗುಮಾಸ್ತರ ರಜೆ, ಸೆಖೆ ಎಂದೆಲ್ಲ ಒಂದು ಪತ್ರ ಗೀಚಿದೆ. ಅದು ನಿಮಗೆ ಗಡುವಿಗೆ ಒಂದು ದಿನ ಮುಂಚೆ ತಲುಪುತ್ತದೆ, ನೀವು ಎದ್ದು ಓಡುತ್ತೀರಿ, ನನ್ನ ತಪ್ಪು ಯಾರಿಗೂ ಗೊತ್ತಾಗದೆ ಮುಗಿಯುತ್ತದೆ ಎಂದುಕೊಂಡೆ.

ಆಮೇಲೆ ಚೀಟಿ. ತಿದ್ದುಪಡಿ ಎಂದು ಹಾಕಿದರೆ ನನ್ನ ಮೊದಲಕ್ಷರ ಬರಬೇಕು. ಅದಕ್ಕೆ ಅದನ್ನು ಹೊಸ ತೀರ್ಪಿನ ಟಿಪ್ಪಣಿ ಎಂಬಂತೆ ಹಾಳೆಯ ಕೊನೆಗೆ ತೂರಿಸಿದೆ, ಅಕ್ಷರವಿಲ್ಲದೆ. ಸಂಪಾದಕರು ಗಮನಿಸದೆ ಸಹಿ ಹಾಕಿದರು. ಅಚ್ಚಾದ ಮೇಲೆ, ಹೇಳಬೇಕಾದದ್ದು ಹೇಳಿಯಾಯಿತು ಎಂದು ಒಂದು ದಿನ ನೆಮ್ಮದಿಯಾಗಿಯೂ ಇದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಇನ್ನೊಂದು ಬಾಕಿ ಇದೆ, ಅದನ್ನೂ ಬರೆದುಬಿಡುತ್ತೇನೆ. ಅಷ್ಟೂ ದಿನ ನಾನು ನನಗೆ ಹೇಳಿಕೊಳ್ಳುತ್ತಿದ್ದದ್ದು ಇಷ್ಟೇ: ಯಾರೋ ಒಬ್ಬ ಹೆಂಗಸು. ನನಗೇನು ಗುರುತೇ, ಪರಿಚಯವೇ? ಎಂಟು ಗಂಟೆಗೆ ಚೀಲ ಹಿಡಿದು ಬಾಗಿಲವರೆಗೆ ಬರುತ್ತಾಳೆ ಎಂದು ನೀವು ಬರೆದ ಮೇಲೆ ಹಾಗೆ ಹೇಳಿಕೊಳ್ಳಲು ಆಗಲಿಲ್ಲ.

ಜುಲೈ 2ಕ್ಕೆ ಹಾಗೇ ಹಾಕಬೇಡಿ, ತಳ್ಳಿಹಾಕುತ್ತಾರೆ. ವಿಳಂಬ ಮನ್ನಿಸಿ ಎಂಬ ಅರ್ಜಿ ಜೊತೆಗಿರಲಿ. ನನ್ನ ಮೇ 24ರ ಪತ್ರ ನಿಮ್ಮ ಕಡತದಲ್ಲಿದೆ. ಅದನ್ನು ಹಾಕಿ.

ಕ್ಷಮಿಸಿ ಎಂದು ಕೇಳಲು ನನಗೆ ಬಾಯಿಲ್ಲ.


ಜುಲೈ 5

ಸಂಪಾದಕ ವಿಭಾಗದವರಿಗೆ,

ಈ ಪತ್ರದಲ್ಲಿ ನಿನ್ನನ್ನು ಏನೆಂದು ಕರೆಯಬೇಕೋ ತಿಳಿಯದೆ ಹೀಗೆ ಬರೆದಿದ್ದೇನೆ. ಎರಡು ಸಲ ಬರೆದು ಹರಿದಿದ್ದೇನೆ. ಅವುಗಳಲ್ಲಿದ್ದ ಮಾತುಗಳನ್ನು ನೀನು ಓದದಿರುವುದೇ ಒಳ್ಳೆಯದು.

ನಿನ್ನ ಪತ್ರ 2ನೇ ತಾರೀಕು, ನಾನು ಚೀಲ ಹಿಡಿದು ಮೆಟ್ಟಿಲಿಳಿಯುವಾಗ ಬಂತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಓದಿದೆ.

ಆ ಯಾರೋ ಹೆಂಗಸು ನಿನ್ನ ಅಕ್ಕ.

ಆಸ್ಪತ್ರೆಯವರು ಅವಳನ್ನು ತೆಗೆದುಹಾಕಿದರು. ರೋಗಿಯೊಬ್ಬರ ಕಡತವನ್ನು ದೊಡ್ಡ ವೈದ್ಯರು ಮನೆಗೆ ಒಯ್ದು ಕಳೆದರು, ತಪ್ಪು ದಾಖಲೆ ಕೋಣೆಯವಳ ತಲೆಗೆ ಕಟ್ಟಿದರು. ನಿನಗೆ ತಿಳಿಸಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. "ಅವಳಿಗೆ ಈಗ ತಾನೆ ಬಡ್ತಿ ಬರೋ ಹೊತ್ತು. ಗೊತ್ತಾದ್ರೆ ಕೆಲಸ ಬಿಟ್ಟು ಓಡಿ ಬರ್ತಾಳೆ" ಅಂದಳು. ಅದಕ್ಕೇ ಫೋನ್ ಮಾಡಲಿಲ್ಲ. ನಿನ್ನ ದನಿ ಕೇಳಿದರೆ ಅವಳು ಅತ್ತುಬಿಡುತ್ತಿದ್ದಳು. ಹೆಂಡತಿಯ ಪ್ರಕರಣವನ್ನು ಗಂಡನೇ ನಡೆಸುವುದು ಸರಿಯಲ್ಲವೆಂದು ವಕಾಲತ್ತಿಗೆ ನನ್ನ ವಕೀಲ ಸ್ನೇಹಿತನ ಸಹಿ ಹಾಕಿಸಿದ್ದೆ. ಉಪಯೋಗವಿಲ್ಲದ ಗಂಡ ಎಂದು ಬರೆದಿದ್ದೆನಲ್ಲ, ನನ್ನ ಬಗ್ಗೆ ಅಷ್ಟನ್ನು ಮಾತ್ರ ಸರಿಯಾಗಿ ಬರೆದಿದ್ದೆ.

ಮನೆಗೆ ವಾಪಸು ಹೋಗಿ ಅವಳಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಎದ್ದು ಹೋಗಿ, ಸೀರೆಗಳ ಬೀರುವಿನಲ್ಲಿ ಹಾಸಿದ್ದ ಪೇಪರಿನ ಅಡಿಯಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಹದಿನೇಳು. ನಾಲ್ಕೂ ಬದಿ ಸಮವಾಗಿ ಕತ್ತರಿಸಿದ್ದಳು. ಹರಿದಿರಲಿಲ್ಲ.

"ಜೂನ್ ಹದಿನೆಂಟನೇ ತಾರೀಕೇ ಓದ್ದೆ. ದಿನ ಎಣಿಸಿದೆ, ಮುಗಿದಿತ್ತು" ಅಂದಳು.

"ಇದು ಅವಳೇ ಬರೆದದ್ದು ಅಂತ ಹೇಗೆ ಗೊತ್ತಾಯ್ತು ನಿಂಗೆ? ಅಕ್ಷರ ಇಲ್ವಲ್ಲ" ಅಂದೆ.

"ಚಿಕ್ಕವಳಿದ್ದಾಗ ಲೋಟ ಒಡೆದ್ರೂ ಹೀಗೇ. ಬೆಕ್ಕು ಬಂತು, ಗಾಳಿ ಬಂತು ಅಂತ ಸುತ್ತಿ ಬಳಸಿ ಹೇಳೋಳು. ನೋಡಿ, ಎಷ್ಟು ಉದ್ದ ಇದೆ ಈ ವಾಕ್ಯ."

ವಿಳಂಬ ಮನ್ನಾ ಅರ್ಜಿ ಹಾಕೋಣವೆಂದೆ. ಕಾರಣ ಏನು ಅಂತ ಹಾಕ್ತೀರಿ ಅಂದಳು. ಇರುವ ಕಾರಣ ಒಂದೇ, ನಿನ್ನ ಪತ್ರ. ಅದನ್ನು ಅವಳು ನನ್ನ ಕಡತದಿಂದ ಯಾವಾಗಲೋ ತೆಗೆದಿಟ್ಟುಕೊಂಡಿದ್ದಾಳೆ. ಕೇಳಿದರೆ ಕೊಡುವುದಿಲ್ಲ. ಅರ್ಜಿಗೆ ಸಹಿಯನ್ನೂ ಹಾಕುವುದಿಲ್ಲ. "ನನ್ನ ಕೆಲಸ ಹೋಯ್ತು. ಅವಳದ್ದೂ ತೆಗೆಸ್ಬೇಕಾ? ಒಂದೇ ಮನೇಲಿ ಎಷ್ಟು ಜನ ಅಂತ ಬಾಗಿಲಲ್ಲಿ ನಿಲ್ಲೋದು?" ಅಂದಳು. ಮೂರು ದಿನವಾಯಿತು, ಅದೊಂದೇ ಮಾತು.

ನಿನ್ನ ಮೇಲೆ ನನಗೆ ಕೋಪವಿದೆ. ತಪ್ಪಿಗಲ್ಲ, ಫೋನನ್ನು ಇಟ್ಟೆಯಲ್ಲ ಅದಕ್ಕೆ. ಆದರೆ ಹತ್ತನೇ ತಾರೀಕು ನಿನ್ನ ಪತ್ರ ಕೈಯಲ್ಲಿ ಹಿಡಿದು ನಕ್ಕವನು ನಾನು. ಇನ್ನೂ ಒಂದು ದಿನ ಇತ್ತು. ಅದನ್ನು ನೆನೆದಾಗಲೆಲ್ಲ ಪೆನ್ನು ಕೆಳಗಿಡುತ್ತೇನೆ.

ನಿನ್ನಿಂದ ಏನನ್ನೂ ಕೇಳಬಾರದೆಂದು ಅವಳ ಕಟ್ಟಪ್ಪಣೆ. ಆದ್ದರಿಂದ ನಾನು ಕೇಳುತ್ತಿಲ್ಲ.


ಜುಲೈ 9

ಭಾವ,

ನಿಮ್ಮ ಪತ್ರ ಓದಿದ್ದು ಕಚೇರಿಯ ಮೆಟ್ಟಿಲಿನಲ್ಲೇ. ನಾವಿಬ್ಬರೂ ಮೆಟ್ಟಿಲಲ್ಲಿ ಕೂತು ಓದುವವರೇ ಆದೆವು.

ಅಕ್ಕನ ವಿಷಯ ಈಗ ಬರೆಯಲು ಹೋದರೆ ಈ ಪತ್ರ ಮುಗಿಯುವುದಿಲ್ಲ. ಯಾರೋ ಎಂದುಕೊಂಡು ಅಷ್ಟು ರಾತ್ರಿ ಹೇಗೋ ನಿದ್ದೆ ಮಾಡಿದೆನಲ್ಲ, ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾರೂ ಕೊಡಲಾರರು. ಮೊದಲು ಕೆಲಸದ ಮಾತು.

ಅಕ್ಕ ಪತ್ರವನ್ನು ಬಚ್ಚಿಟ್ಟುಕೊಳ್ಳಲಿ. ಅದರ ಕೆಳಗೆ ಕಾರ್ಬನ್ ಇತ್ತು. ಪ್ರತಿ ನಮ್ಮ ಉತ್ತರಗಳ ಕಡತದಲ್ಲಿದೆ, ದಿನಾಂಕದ ಮೊಹರು ಸಮೇತ. ಜೂನ್‌ನಲ್ಲಿ ಅದನ್ನು ಹರಿದುಹಾಕಲು ಎರಡು ಸಲ ಕೈ ಹೋಗಿತ್ತು, ಬೀಗದ ಕೈಯೂ ನನ್ನ ಬಳಿಯೇ ಇತ್ತು. ಹರಿಯಲಿಲ್ಲ. ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು, ಅದೂ ಹೆದರಿಕೆಯಿಂದ.

ನಿನ್ನೆ ಬೆಳಿಗ್ಗೆ ಕಡತ ಹಿಡಿದು ಸಂಪಾದಕರ ಕೋಣೆಗೆ ಹೋದೆ. ನಿಂತೇ ಎಲ್ಲ ಹೇಳಿದೆ: ರಾಶಿ, ಕಾರ್ಡು, ಫೋನು, ಅಕ್ಷರವಿಲ್ಲದ ಚೀಟಿ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಯ್ಯುತ್ತಾರೆ ಎಂದುಕೊಂಡೆ.

"ಮೂರು ವರ್ಷ ಒಂದು ಚೀಟೀನೂ ಇಲ್ಲ ಅಂದಾಗ್ಲೇ ನಾನು ಅನುಮಾನ ಪಡ್ಬೇಕಿತ್ತು ಕಣಮ್ಮ. ನಂಗೇ ಮೂವತ್ತು ವರ್ಷದಲ್ಲಿ ನಲವತ್ತೊಂದು ಚೀಟಿ ಇವೆ. ತಪ್ಪಾದ ತಕ್ಷಣ ಬಂದಿದ್ರೆ ನಲವತ್ತೆರಡನೇದು ನನ್ನ ಹೆಸರಲ್ಲೇ ಹಾಕ್ತಿದ್ದೆ. ಬಚ್ಚಿಟ್ಟಿದ್ದಕ್ಕೆ ನನ್ನ ಹತ್ರ ಔಷಧಿ ಇಲ್ಲ" ಅಂದರು.

ಬೀಗದ ಕೈ ವಾಪಸು ಕೊಟ್ಟೆ. ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ರಾಶಿ ಬೆಳೆದದ್ದಕ್ಕೆ ತಮ್ಮದೂ ಪಾಲಿದೆ ಎಂದು ಅವರು ಹೇಳಿದರು, ಆದರೆ ನಿರ್ಧಾರ ಬದಲಿಸಲಿಲ್ಲ. ಅದು ನ್ಯಾಯವೇ.

ಇದರೊಂದಿಗೆ ಮೂರು ಕಾಗದಗಳಿವೆ. ಒಂದು, ಮೇ 24ರ ಪತ್ರದ ಪ್ರತಿ, ಸಂಪಾದಕರ ಸಹಿಯೊಂದಿಗೆ. ಎರಡು, ನೋಟರಿಯವರ ಮುಂದೆ ನಾನು ಮಾಡಿದ ಪ್ರಮಾಣಪತ್ರ. ಅದರಲ್ಲಿ ವಾಕ್ಯಗಳೆಲ್ಲ ಗಿಡ್ಡ: "ತಪ್ಪು ಉತ್ತರ ಕೊಟ್ಟವಳು ನಾನು. ಜೂನ್ 5ರಂದು ತಪ್ಪು ನನಗೆ ತಿಳಿಯಿತು. ಚಂದಾದಾರರಿಗೆ ತಿಳಿಸಲಿಲ್ಲ." ಮೂರು, ಈ ವಾರದ ಇಪ್ಪತ್ತೊಂದನೇ ಚೀಟಿ. ಕೆಳಗೆ ನನ್ನ ಅಕ್ಷರವಿದೆ. ದಪ್ಪಗೆ ಹಾಕಿ ಎಂದು ಅಚ್ಚಿನವರಿಗೆ ಹೇಳಿದ್ದೆ.

ಅಕ್ಕನಿಗೆ ಹೇಳಿ: ನನ್ನ ಕೆಲಸ ಉಳಿಸಲು ಇನ್ನು ಏನೂ ಉಳಿದಿಲ್ಲ, ಆದ್ದರಿಂದ ಸುಮ್ಮನೆ ಹಟ ಮಾಡದೆ ಸಹಿ ಹಾಕಲಿ. ಲೋಟ ಒಡೆದದ್ದು ನಾನೇ, ಬೆಕ್ಕಲ್ಲ.

ನಾದಿನಿ


ಆಗಸ್ಟ್ 20

ಚೀಟಿರಾಣಿಗೆ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಾದರೂ ಇರಲಿ ಎಂದು ಕಾದೆ. ವಾಯಿದೆ ಅಂದುಕೋ.

ನಿನ್ನ ಕಾಗದಗಳು ಬಂದ ದಿನ ಅವಳು ಪ್ರಮಾಣಪತ್ರವನ್ನು ಓದಿ, ಮಡಚಿ, ಮಡಿಲಲ್ಲಿಟ್ಟುಕೊಂಡು ಕೂತಳು.  ಮೂರನೇ ದಿನ ಬೆಳಿಗ್ಗೆ ಎಂಟಕ್ಕೆ ಸೀರೆ ಉಟ್ಟು, ಚೀಲ ಹಿಡಿದು ಬಾಗಿಲಿಗೆ ಬಂದಳು. ಈ ಸಲ ತಿರುಗಿ ಒಳಗೆ ಹೋಗಲಿಲ್ಲ. "ನಡೀರಿ, ಎಲ್ಲಿ ಸಹಿ ಹಾಕ್ಬೇಕು ತೋರಿಸಿ" ಅಂದಳು. ಅದೇ ದಿನ ಹಾಕಿದೆವು.

ಮೊನ್ನೆ ವಿಚಾರಣೆ. ಮಂಡಳಿಯ ಅಧ್ಯಕ್ಷರು ನಿನ್ನ ಪ್ರಮಾಣಪತ್ರವನ್ನು ನಿಧಾನವಾಗಿ ಓದಿದರು. ಆಸ್ಪತ್ರೆಯ ವಕೀಲರು, ಇಂಥ ಪತ್ರಿಕೆಗಳನ್ನು ನಂಬಿ ಕೂರುವುದು ಕಕ್ಷಿದಾರರ ತಪ್ಪು ಎಂದು ವಾದಿಸಿದರು. ಅಧ್ಯಕ್ಷರು ತಮ್ಮ ಹಿಂದಿನ ಕಪಾಟಿನ ಕಡೆ ತಿರುಗಿ ನೋಡಿದರು. ಅಲ್ಲಿ ನಿಮ್ಮ ಸಂಪುಟಗಳೇ ಸಾಲಾಗಿದ್ದವು. "ಇದನ್ನ ಬರೆದವರು ಯಾರು, ಇಷ್ಟು ನೇರವಾಗಿ?" ಎಂದು ಕೇಳಿದರು. ನನ್ನ ಸ್ನೇಹಿತ ಏಳುವ ಮೊದಲೇ ನಿನ್ನ ಅಕ್ಕ ಎದ್ದು ನಿಂತಳು. "ನನ್ನ ತಂಗಿ, ಸ್ವಾಮಿ" ಅಂದಳು. ಆಸ್ಪತ್ರೆಯವರು ತೆಗೆದುಹಾಕಿದ ಮೇಲೆ ಅವಳು ನಾಲ್ಕು ಜನರ ನಡುವೆ ತಲೆ ಎತ್ತಿ ಆಡಿದ ಮೊದಲ ಮಾತು ಅದು. ನನಗೆ ಕಣ್ಣು ಮಂಜಾಯಿತು.

ವಿಳಂಬ ಮನ್ನಿಸಿದರು. ಮೇಲ್ಮನವಿ ವಿಚಾರಣೆಗೆ ನಿಂತಿದೆ. ಗೆದ್ದೆವೆಂದಲ್ಲ, ಬಾಗಿಲು ತೆರೆಯಿತು ಅಷ್ಟೇ. ಸಾಕ್ಷಿ ಹೆಂಗಸು ಸೆಪ್ಟೆಂಬರ್ 19ಕ್ಕೆ ಬರುತ್ತಾಳೆ. ಅಲ್ಲಿಯವರೆಗೆ ಎಲ್ಲಿ ಮನಸ್ಸು ಬದಲಿಸುತ್ತಾಳೋ ಎಂದು ದಿನ ಎಣಿಸುತ್ತಿದ್ದೇನೆ. ಸುಖವಾಗಿ ನಿದ್ದೆ ಮಾಡುವ ಕಾಲ ಇನ್ನೂ ಬಂದಿಲ್ಲ.

ನಿನ್ನ ಎರಡೂ ಚೀಟಿಗಳನ್ನು ಅವಳು ನಿನ್ನೆ ಹನ್ನೊಂದನೇ ಸಂಪುಟದಲ್ಲಿ ಅಂಟಿಸಿದಳು. ಹದಿನೇಳನ್ನು ಕೆಳಗೆ, ಇಪ್ಪತ್ತೊಂದನ್ನು ಅದರ ಮೇಲೆ. ಕುಂಚ ನನ್ನ ಕೈಗೆ ಕೊಟ್ಟು, ನೀವೂ ಒಂದು ಬದಿ ಹಚ್ಚಿ ಅಂದಳು. ನಾಲ್ಕು ಪುಟ ಒಟ್ಟಿಗೆ ಅಂಟಿಕೊಂಡವು. ಏನೂ ಬಯ್ಯಲಿಲ್ಲ.

ನಿನ್ನ ಮೇಲೆ ಕೋಪ ಹೋಗಿದೆಯೇ ಎಂದು ಕೇಳಿದರೆ, ಪೂರ್ತಿ ಇಲ್ಲ. ಒಂದು ಕೆಲಸ ಮಾಡಿದರೆ ಹೋಗಬಹುದು. ಈ ಪತ್ರಕ್ಕೆ ಉತ್ತರ ಬರೆಯಬೇಡ. ನೀನು ಅಲ್ಲಿನ ಬಾಡಿಗೆ ಕೋಣೆ ಖಾಲಿ ಮಾಡುವುದು ಯಾವಾಗ, ಇಲ್ಲಿಗೆ ಬರುವುದು ಯಾವಾಗ ಎಂಬುದು ಕಾಗದದಲ್ಲಿ ನಮಗೆ ಬೇಡ. ನಿನಗೆ ಕಾಗದ ಬರೆಯುತ್ತೇನೆ ಎಂದು ಹೇಳಿದ ಹೊತ್ತಿನಿಂದ ನಿನ್ನ ಅಕ್ಕ ಫೋನಿನ ಪಕ್ಕದ ಕುರ್ಚಿ ಬಿಟ್ಟು ಎದ್ದಿಲ್ಲ. ಅಲ್ಲೇ ಕೂತು ತರಕಾರಿ ಹೆಚ್ಚುತ್ತಾಳೆ, ಅಲ್ಲೇ ಪೇಪರು ಓದುತ್ತಾಳೆ. ನನ್ನ ಕಕ್ಷಿದಾರರು ಯಾರಾದರೂ ಫೋನ್ ಮಾಡಿದರೆ ಎರಡೇ ಮಾತಿಗೆ ಇಟ್ಟುಬಿಡುತ್ತಾಳೆ.

ಫೋನ್ ಎತ್ತು. ಈ ಸಲ ಪೂರ್ತಿ ಸಂಖ್ಯೆ ತಿರುಗಿಸು.

ನಿನ್ನ ಭಾವ